ಜೋಡಿಯೊಂದರ ಜಗಳದ ಕಥೆಯಲ್ಲಿ ಆಡದೆ ಉಳಿದ ಮಾತನ್ನು ಓದುವುದು ಹೇಗೆ?

ಗಂಡ-ಹೆಂಡತಿ ಜಗಳ ಸಾರಿಗೆ ಉಪ್ಪು ಕಡಿಮೆಯಾಯಿತು ಅಂತ ಶುರುವಾಗುತ್ತದೆ. ಪಕ್ಕದ ಕೋಣೆಯಲ್ಲಿ ಕೂತವರಿಗೆ ಅದು ಉಪ್ಪಿನ ಜಗಳ ಅಲ್ಲ ಅಂತ ಚೆನ್ನಾಗಿ ಗೊತ್ತಿರುತ್ತದೆ. ಮಾತಿನ ಧಾಟಿ, ತಟ್ಟೆ ಸರಿಸಿದ ಸದ್ದು, ಉತ್ತರ ಬರಲು ಹಿಡಿದ ಹೊತ್ತು, ಇಷ್ಟರಲ್ಲೇ ಅಸಲಿ ವಿಷಯ ತಿಳಿದುಬಿಡುತ್ತದೆ. ಮನೆಯಲ್ಲಿ ಇಷ್ಟು ಚುರುಕಾಗಿರುವ ನಮ್ಮ ಕಿವಿ, ಅದೇ ಜಗಳ ಕಥೆಯಲ್ಲಿ ಬಂದಾಗ ಯಾಕೋ ಮಂಕಾಗುತ್ತದೆ. "ಇದರಲ್ಲಿ ಏನೂ ನಡೆಯಲೇ ಇಲ್ಲವಲ್ಲ" ಅನ್ನುತ್ತೇವೆ. ಇಲ್ಲವೇ ಸಂಕೇತಗಳ ಪಟ್ಟಿ ಹಿಡಿದು ಕೂರುತ್ತೇವೆ. ನದಿ ಅಂದರೆ ಜೀವನ, ರೈಲು ಅಂದರೆ ಕಾಲ, ಹೀಗೆ.

ಇಂಥ ಕಥೆಯನ್ನು ಓದುವ ಒಂದು ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಇಡುತ್ತೇನೆ. ಇದಕ್ಕೆ ಆರಿಸಿಕೊಂಡಿರುವುದು ಅರ್ನೆಸ್ಟ್ ಹೆಮಿಂಗ್ವೇ ಬರೆದ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’. 1927ರಲ್ಲಿ ಪ್ರಕಟವಾದ ಕಥೆ. ಒಂದೂವರೆ ಸಾವಿರ ಪದಗಳ ಆಸುಪಾಸು, ನಾಲ್ಕೈದು ಪುಟ ಅಷ್ಟೇ. ಲೇಖಕ ತೀರಿಕೊಂಡದ್ದು 1961ರಲ್ಲಿ. ನಮ್ಮ ಕಾನೂನಿನ ಅರವತ್ತು ವರ್ಷದ ಲೆಕ್ಕದಲ್ಲಿ 2022ರಿಂದ ಭಾರತದಲ್ಲಿ ಇದಕ್ಕೆ ಕಾಪಿರೈಟ್ ಇಲ್ಲ. ಮೊದಲು ಕಥೆಯನ್ನು ಒಮ್ಮೆ ಓದಿಕೊಂಡು ಬಂದರೆ ಒಳ್ಳೆಯದು.

ಕ್ರಮದ ತಿರುಳು ಇಷ್ಟು: ಮೊದಲು ಮಾತನ್ನು ಹಿಡಿಯಿರಿ, ವಸ್ತುಗಳನ್ನು ಆಮೇಲೆ ನೋಡಿ. ಬೆಟ್ಟ, ಪರದೆ, ಚೀಲ ಇವಕ್ಕೆ ಅರ್ಥ ಬರುವುದು ಜಗಳದಲ್ಲಿ ಅವು ಯಾರ ಪಕ್ಕ ನಿಂತಿವೆ ಅನ್ನುವುದರಿಂದ. ನಿಘಂಟಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

ಹೆಜ್ಜೆ 1: ಏನು ನಡೆಯಿತು ಅಂತ ಸುಮ್ನೆ ಬರೆದುಕೊಳ್ಳಿ

ಅರ್ಥ ಹೇಳಬೇಡಿ. ನಡೆದದ್ದನ್ನು ಮಾತ್ರ ಬರೆಯಿರಿ. ಸ್ಪೇನ್ ದೇಶ, ಎಬ್ರೊ ನದಿಯ ಕಣಿವೆ. ಎರಡು ಹಳಿಗಳ ನಡುವೆ ಒಂದು ಜಂಕ್ಷನ್ ಸ್ಟೇಷನ್. ಕಡು ಬಿಸಿಲು. ಒಬ್ಬ ಅಮೆರಿಕನ್, ಅವನ ಜೊತೆ ಒಬ್ಬ ಹುಡುಗಿ. ಬಾರ್ಸಿಲೋನಾದಿಂದ ಮ್ಯಾಡ್ರಿಡ್‌ಗೆ ಹೋಗುವ ಎಕ್ಸ್‌ಪ್ರೆಸ್ ಬರಲು ನಲವತ್ತು ನಿಮಿಷ ಇದೆ. ಇಲ್ಲಿ ಅದು ನಿಲ್ಲುವುದು ಎರಡೇ ನಿಮಿಷ. ಇಬ್ಬರೂ ಬಿಯರ್ ಕುಡಿಯುತ್ತಾರೆ, ಸೋಂಪಿನ ರುಚಿಯ ಮದ್ಯವೊಂದನ್ನು ಕುಡಿಯುತ್ತಾರೆ, ಯಾವುದೋ ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಹುಡುಗಿ ಎದ್ದು ಸ್ಟೇಷನ್ನಿನ ತುದಿಗೆ ಹೋಗಿ ಆಚೆ ನೋಡುತ್ತಾಳೆ. ಅವನು ಚೀಲಗಳನ್ನು ಸ್ಟೇಷನ್ನಿನ ಆ ಬದಿಗೆ ಸಾಗಿಸಿ ಬರುತ್ತಾನೆ. ಅವಳು ನಕ್ಕು, ನನಗೇನೂ ಆಗಿಲ್ಲ, ಚೆನ್ನಾಗಿದ್ದೇನೆ ಅನ್ನುತ್ತಾಳೆ. ರೈಲು ಬರುವ ಮೊದಲೇ ಕಥೆ ಮುಗಿಯುತ್ತದೆ.

ಈ ಹೆಜ್ಜೆಯನ್ನು ಹಾರಿಸಿದವರು ಮುಂದೆ ಕಥೆಯಲ್ಲಿ ಇಲ್ಲದ್ದನ್ನು ಇದೆ ಅನ್ನುತ್ತಾರೆ. ಉದಾಹರಣೆಗೆ, ಇವರು ಗಂಡ-ಹೆಂಡತಿ ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅವನ ಹೆಸರೂ ಇಲ್ಲ. ಅವಳನ್ನು ಅವನು ಜಿಗ್ ಅಂತ ಕರೆಯುತ್ತಾನೆ. ಎಷ್ಟು ಸಲ, ಎಲ್ಲಿ ಅಂತ ಗುರುತು ಹಾಕಿ. ಎರಡೇ ಸಲ, ಎರಡೂ ಆಪರೇಷನ್ನಿಗೆ ಒಪ್ಪಿಸಲು ಮಾತು ಎತ್ತಿದಾಗ. ಬೇರೆ ಯಾವಾಗಲೂ ಅವನ ಬಾಯಲ್ಲಿ ಆ ಹೆಸರು ಬರುವುದಿಲ್ಲ. ಇಷ್ಟು ಗೊತ್ತಾದರೆ ಅವನನ್ನು ಅರ್ಧ ಓದಿದ ಹಾಗೆಯೇ.

ಹೆಜ್ಜೆ 2: ಹೆಸರು ಹೇಳದ ವಿಷಯ ಯಾವುದು?

ಜೋಡಿಗಳ ಜಗಳದ ಕಥೆಯಲ್ಲಿ ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇದ್ದೇ ಇರುತ್ತದೆ. ಅದರ ಸುತ್ತ ಬಂದ ಮಾತುಗಳನ್ನು ಒಟ್ಟು ಮಾಡಿ. ಇಲ್ಲಿ ಅವನ ಪ್ರಕಾರ ಅದು ‘ತುಂಬಾ ಸರಳವಾದ’ ಆಪರೇಷನ್, ನಿಜ ಹೇಳಬೇಕೆಂದರೆ ಆಪರೇಷನ್ನೇ ಅಲ್ಲ. ಸುಮ್ನೆ ಗಾಳಿ ಒಳಗೆ ಬಿಡುತ್ತಾರೆ, ಆಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ. ಇದೊಂದೇ ನಮ್ಮನ್ನು ಕಾಡುತ್ತಿರುವುದು. ಮಾಡಿಸಿಕೊಂಡ ಎಷ್ಟೋ ಜನ ನನಗೆ ಗೊತ್ತು. ಈ ಮಾತುಗಳನ್ನು ಜೋಡಿಸಿದರೆ ಗರ್ಭಪಾತ ಅಂತ ತಿಳಿಯುತ್ತದೆ. ಆದರೆ ಆ ಪದ ಕಥೆಯಲ್ಲಿ ಒಮ್ಮೆಯೂ ಇಲ್ಲ. ಬಸಿರು, ಮಗು ಅನ್ನುವ ಪದಗಳೂ ಇಲ್ಲ.

ಈಗ ಆ ವಿಷಯವನ್ನು ಅದರ ಕಾಲದಲ್ಲಿಟ್ಟು ನೋಡಿ. 1920ರ ದಶಕದ ಸ್ಪೇನ್‌ನಲ್ಲಿ ಗರ್ಭಪಾತ ಅಪರಾಧ. ಕೆಲವು ಸಂದರ್ಭಗಳಲ್ಲಿ ಮಾತ್ರ ಅನುಮತಿ ಕೊಟ್ಟ ಕಾನೂನು ಇಡೀ ದೇಶಕ್ಕೆ ಬಂದದ್ದು 1985ರಲ್ಲಿ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ಅಂದರೆ ಈ ಕಥೆ ಬಂದ ಮರುವರ್ಷ. ಔಷಧಿಯಾಗಿ ಜನರ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ. ನಂಜೇರಿದರೆ ಉಳಿಸಲು ಔಷಧಿ ಇಲ್ಲದ ಕಾಲದಲ್ಲಿ, ಕದ್ದುಮುಚ್ಚಿ ನಡೆಯುವ ಒಂದು ಕೆಲಸವನ್ನು ಅವನು ‘ಸರಳ’ ಅನ್ನುತ್ತಿದ್ದಾನೆ. ಒಂದು ಸಲ ಅಂದು ಬಿಡುವುದೂ ಇಲ್ಲ. ಮತ್ತೆ ಮತ್ತೆ ಅದೇ ಪದ. ಕೊನೆಗೆ ಅವಳೇ ಅದನ್ನು ಅವನ ಮುಖಕ್ಕೆ ತಿರುಗಿಸಿ ಹೇಳುತ್ತಾಳೆ: ಹೌದು, ಅದು ಸರಳ ಅಂತ ನಿನಗೆ ಗೊತ್ತಿದೆ. ಒಬ್ಬ ಪಾತ್ರ ಒಂದೇ ಪದಕ್ಕೆ ಅಂಟಿಕೊಂಡರೆ ಅಲ್ಲಿ ನಿಲ್ಲಿ. ಆ ಪದ ಮುಚ್ಚಿಟ್ಟಿರುವುದನ್ನೇ ನೀವು ಹುಡುಕುತ್ತಿರುವುದು.

ಹೇಳದೆ ಬಿಡುವುದರ ಬಗ್ಗೆ ಹೆಮಿಂಗ್ವೇ 1932ರ ತನ್ನ ಗೂಳಿಕಾಳಗದ ಪುಸ್ತಕದಲ್ಲಿ ಬರೆದಿದ್ದಾನೆ. ನೀರ್ಗಲ್ಲಿನ, ಅಂದರೆ ಸಮುದ್ರದಲ್ಲಿ ತೇಲುವ ಹಿಮಬಂಡೆಯ, ಎಂಟನೇ ಒಂದು ಭಾಗ ಮಾತ್ರ ನೀರಿನ ಮೇಲೆ ಇರುತ್ತದೆ, ಅದರ ಚಲನೆಯ ಗಾಂಭೀರ್ಯ ಅದರಿಂದಲೇ ಅನ್ನುತ್ತಾನೆ. ಆ ಮಾತಿನ ಮುಂದಿನ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೊತ್ತಿದ್ದು ಬಿಟ್ಟರೆ ಓದುಗರಿಗೆ ಅದು ತಟ್ಟುತ್ತದೆ, ಗೊತ್ತಿಲ್ಲದೆ ಬಿಟ್ಟರೆ ಬರಹದಲ್ಲಿ ಪೊಳ್ಳು ಉಳಿಯುತ್ತದೆ ಅನ್ನುವುದು ಅದರ ಸಾರ. ಕಥೆ ಬರೆಯುವವರು ಈ ಎರಡನೇ ಭಾಗವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಹೆಜ್ಜೆ 3: ಪ್ರತಿ ಮಾತಿನ ಪಕ್ಕ ಅದರ ಒಳಮಾತನ್ನು ಬರೆಯಿರಿ

ನಿಧಾನ ಮಾಡಬೇಕಾದ ಹೆಜ್ಜೆ ಇದು. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಪಾತ್ರ ಆಡಿದ ಮಾತು. ಬಲಗಡೆ, ಆ ಮಾತು ನಿಜವಾಗಿ ಏನು ಕೇಳುತ್ತಿದೆ ಅಥವಾ ಏನನ್ನು ತಪ್ಪಿಸುತ್ತಿದೆ ಅಂತ ಒಂದೇ ಸಾಲು.

ಕಥೆಯ ಆರಂಭದಲ್ಲೇ ಹುಡುಗಿ ದೂರದ ಬೆಟ್ಟಗಳನ್ನು ನೋಡಿ ಬಿಳಿ ಆನೆಗಳ ಹಾಗೆ ಕಾಣುತ್ತವೆ ಅನ್ನುತ್ತಾಳೆ. ಅವನು, ನಾನು ಯಾವತ್ತೂ ನೋಡಿಲ್ಲ ಅಂತ ಬಿಯರ್ ಕುಡಿಯುತ್ತಾನೆ. ನೀನು ನೋಡಿರಲಿಕ್ಕಿಲ್ಲ ಬಿಡು ಅನ್ನುತ್ತಾಳೆ ಅವಳು. ನೋಡಿರಲೂಬಹುದು, ನೀನು ಹೇಳಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ ಅನ್ನುತ್ತಾನೆ ಅವನು. ಅವಳು ಬಾರಿನ ಬಾಗಿಲಿಗೆ ಇಳಿಬಿಟ್ಟ ಮಣಿಸರಗಳ ಪರದೆಯ ಕಡೆ ತಿರುಗಿ, ಅದರ ಮೇಲೆ ಏನೋ ಬರೆದಿದೆಯಲ್ಲ, ಏನು ಅಂತ ಕೇಳುತ್ತಾಳೆ.

ಬಲಗಡೆ ಬರೆದು ನೋಡಿ. ಅವಳ ಮೊದಲ ಮಾತು: ನನಗೆ ಕಂಡದ್ದು ನಿನಗೂ ಕಾಣುತ್ತಿದೆಯಾ? ಅವನ ಉತ್ತರ: ಇಲ್ಲ, ಕಾಣಬೇಕಾಗಿಯೂ ಇಲ್ಲ. ಅವಳು: ನನಗದು ಮೊದಲೇ ಗೊತ್ತಿತ್ತು. ಅವನು: ನನ್ನ ಬಗ್ಗೆ ತೀರ್ಪು ಕೊಡಲು ನೀನು ಯಾರು? ಅವಳು: ಹೋಗಲಿ, ಬೇರೆ ಏನಾದರೂ ಮಾತಾಡೋಣ. ಬೆಟ್ಟದ ಬಣ್ಣದ ಮಾತಿಗೆ ಅವನು ‘ಸಾಬೀತು’ ಅನ್ನುವ ಕೋರ್ಟಿನ ಮಾತನ್ನು ತಂದ. ಆಪರೇಷನ್ನಿನ ಪ್ರಸ್ತಾಪ ಇನ್ನೂ ಬಂದಿಲ್ಲ, ಆದರೆ ಜಗಳ ಆಗಲೇ ನಡೆದುಹೋಯಿತು. ಒಬ್ಬಳು ಕಂಡದ್ದನ್ನು ಹೇಳುತ್ತಾಳೆ, ಇನ್ನೊಬ್ಬ ಅದನ್ನು ಒಪ್ಪಲು ತಯಾರಿಲ್ಲ. ಮುಂದಿನ ಪುಟಗಳಲ್ಲಿ ನಡೆಯುವುದು ಇದರದ್ದೇ ವಿಸ್ತಾರ.

ಇನ್ನೊಂದು ಮಾತನ್ನು ಹೀಗೇ ಬಿಡಿಸಿ. ನಿನಗೆ ಬೇಡ ಅಂದರೆ ಬೇಡ, ನಿನಗೆ ಇಷ್ಟ ಇಲ್ಲದಿದ್ದರೆ ಮಾಡಿಸಬೇಡ ಅಂತ ಅವನು ಪದೇ ಪದೇ ಹೇಳುತ್ತಾನೆ. ಕೇಳಲು ಎಷ್ಟು ಉದಾರ ಅಲ್ವಾ? ಆದರೆ ಪ್ರತಿ ಸಲ ಅದರ ಹಿಂದೆ ಮುಂದೆ ಏನಿದೆ ನೋಡಿ. ‘ಆದರೆ ಅದು ತುಂಬಾ ಸರಳ.’ ‘ಅದೇ ಒಳ್ಳೆಯದು ಅನ್ನಿಸುತ್ತದೆ.’ ಬಿಡುಗಡೆ ಕೊಟ್ಟ ಹಾಗೆ ಮಾಡಿ ಕಟ್ಟಿಹಾಕುವ ಮಾತು ಇದು. ಒಲ್ಲೆ ಅಂದರೆ ತಪ್ಪೂ ಅವಳದ್ದೇ, ಆಯಿತು ಅಂದರೆ ನಿರ್ಧಾರವೂ ಅವಳದ್ದೇ.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲಿ ‘ಧ್ವನಿ’, ಅಂದರೆ ಮಾತಿನ ನೇರ ಅರ್ಥದ ಆಚೆ ಹೊಳೆಯುವ ಅರ್ಥ, ನೆನಪಾಗಬೇಕು. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಒಂದು ಪ್ರಾಕೃತ ಗಾಥೆಯನ್ನು ಉದಾಹರಣೆ ಕೊಡುತ್ತಾನೆ. ಗೋದಾವರಿ ದಡದ ಪೊದೆಯಲ್ಲಿ ನಲ್ಲನನ್ನು ಕೂಡುವ ಹೆಣ್ಣೊಬ್ಬಳಿಗೆ, ಅಲ್ಲಿ ಓಡಾಡುವ ಧಾರ್ಮಿಕನೊಬ್ಬ ಅಡ್ಡಿಯಾಗಿದ್ದಾನೆ. ಅವಳು ಹೇಳುತ್ತಾಳೆ: ಸ್ವಾಮೀ, ಇನ್ನು ನಿಶ್ಚಿಂತೆಯಿಂದ ತಿರುಗಾಡಿ, ನಿಮ್ಮನ್ನು ಹೆದರಿಸುತ್ತಿದ್ದ ಆ ನಾಯಿಯನ್ನು ಪೊದೆಯಲ್ಲಿರುವ ಸಿಂಹ ಕೊಂದುಹಾಕಿದೆ. ಮಾತಿನ ಮೈ ‘ಬನ್ನಿ’ ಅನ್ನುತ್ತದೆ. ಅದರ ಧ್ವನಿ ‘ಬಂದೀರಿ ಜೋಕೆ’ ಅನ್ನುತ್ತದೆ. ಅಮೆರಿಕನ್ನನ ‘ಬೇಡ ಅಂದರೆ ಬೇಡ’ ಕೆಲಸ ಮಾಡುವುದೂ ಹೀಗೆಯೇ. ಒಂದು ವ್ಯತ್ಯಾಸ ಇದೆ. ಗಾಥೆಯ ಹೆಣ್ಣಿಗೆ ತಾನೇನು ಹೇಳುತ್ತಿದ್ದೇನೆ ಅಂತ ಪೂರ್ತಿ ಗೊತ್ತು. ಇವನಿಗೆ ಗೊತ್ತಿದೆಯೋ ಇಲ್ಲವೋ ಹೇಳುವುದು ಕಷ್ಟ. ತನ್ನ ಮಾತನ್ನು ತಾನೇ ನಂಬಿಕೊಂಡ ಹಾಗಿದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ.

ಹೆಜ್ಜೆ 4: ಮಾತು ನಿಂತ ಜಾಗಗಳಿಗೆ ಗುರುತು ಹಾಕಿ

ಆಪರೇಷನ್ ಅನ್ನುವ ಮಾತು ಮೊದಲ ಸಲ ಬಂದ ತಕ್ಷಣ ಹುಡುಗಿ ಏನು ಮಾಡುತ್ತಾಳೆ? ಮೇಜಿನ ಕಾಲು ಊರಿರುವ ನೆಲವನ್ನು ನೋಡುತ್ತಾಳೆ. ಎರಡನೇ ಸಲ ಒತ್ತಾಯ ಬಂದಾಗ ಮಾತೇ ಆಡುವುದಿಲ್ಲ. ನಮ್ಮ ದುಃಖಕ್ಕೆಲ್ಲ ಕಾರಣ ಇದೊಂದೇ ಅಂತ ಅವನು ಅಂದಾಗ, ಕೈ ಚಾಚಿ ಪರದೆಯ ಎರಡು ಮಣಿಸರಗಳನ್ನು ಹಿಡಿದುಕೊಳ್ಳುತ್ತಾಳೆ. ಲೇಖಕ ಅವಳ ಮನಸ್ಸಿನೊಳಗೆ ಹೋಗುವುದಿಲ್ಲ. ದುಃಖವಾಯಿತು, ಭಯವಾಯಿತು ಅಂತ ಒಂದು ಮಾತೂ ಇಲ್ಲ. ಕಣ್ಣು ಎಲ್ಲಿಗೆ ಹೋಯಿತು, ಕೈ ಏನು ಹಿಡಿಯಿತು, ಇಷ್ಟನ್ನೇ ಕೊಡುತ್ತಾನೆ. ಹಾಳೆಯ ಬಲಗಡೆ ಇವನ್ನೂ ಉತ್ತರ ಅಂತಲೇ ಬರೆದುಕೊಳ್ಳಿ.

ಗಡಿಯಾರವನ್ನೂ ನೋಡಿ. ಕಥೆ ಶುರುವಾದಾಗ ರೈಲಿಗೆ ನಲವತ್ತು ನಿಮಿಷ. ಕೊನೆಯ ಹತ್ತಿರ ಬಾರಿನ ಹೆಂಗಸು ಬಂದು ಇನ್ನು ಐದು ನಿಮಿಷ ಅನ್ನುತ್ತಾಳೆ. ನಡುವೆ ಹೋದದ್ದು ಮೂವತ್ತೈದು ನಿಮಿಷ. ಅಷ್ಟರಲ್ಲಿ ಇವರು ಆಡಿದ ಮಾತನ್ನೆಲ್ಲ ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ ಹಿಡಿಯಬಹುದು. ಉಳಿದ ಹೊತ್ತು ಎಲ್ಲಿ ಹೋಯಿತು? ಸಾಲು ಸಾಲುಗಳ ನಡುವೆ ಇಬ್ಬರೂ ಸುಮ್ಮನೆ ಕೂತಿದ್ದಾರೆ. ಇದು ಹೊಳೆದ ಮೇಲೆ ಪಟಪಟ ಓಡುತ್ತಿದ್ದ ಸಂಭಾಷಣೆ ಒಮ್ಮೆಲೇ ಭಾರವಾಗುತ್ತದೆ.

ಹೆಜ್ಜೆ 5: ಈಗ ವಸ್ತುಗಳಿಗೆ ಬನ್ನಿ

ಒಂದು ವಸ್ತು ಸಂಕೇತವೋ ಅಲ್ಲವೋ ಅಂತ ನಿರ್ಧರಿಸಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಅದು ಮತ್ತೆ ಬರುತ್ತದೆಯಾ? ಮತ್ತೆ ಬಂದಾಗ ಬದಲಾಗಿರುತ್ತದೆಯಾ? ಎರಡಕ್ಕೂ ಹೌದು ಅನ್ನುವ ಉತ್ತರ ಸಿಕ್ಕರೆ ಅದರ ಹಿಂದೆ ಹೋಗಬಹುದು. ಕುಡಿದ ಬಿಯರಿಗೆ ನಾಲ್ಕು ರಿಯಾಲ್ ಅಂತ ಬಾರಿನ ಹೆಂಗಸು ಹೇಳುವುದು ಕಥೆಯಲ್ಲಿದೆ. ಅದು ಬರೀ ಬೆಲೆ. ಅದಕ್ಕೆ ಅರ್ಥ ಹಚ್ಚಲು ಹೋಗಬೇಡಿ.

ಬಿಳಿ ಆನೆಗಳು ಹುಡುಗಿಯ ಬಾಯಲ್ಲಿ ನಾಲ್ಕು ಸಲ ಬರುತ್ತವೆ. ಮೊದಲ ಸಲ ಅವಳು ಅದನ್ನು ಖುಷಿಯಿಂದ ಹೇಳುತ್ತಾಳೆ. ಎರಡನೇ ಸಲ, ಆನೆಯ ಹಾಗಿವೆ ಅಂದೆನಲ್ಲ, ಚೆನ್ನಾಗಿತ್ತಲ್ವಾ ಅಂತ ಮೆಚ್ಚುಗೆ ಕೇಳುತ್ತಾಳೆ. ಮೂರನೇ ಸಲ, ನಿಜವಾಗಿ ಹಾಗೇನೂ ಕಾಣುವುದಿಲ್ಲ, ಮರಗಳ ನಡುವೆ ಕಾಣುವ ಚರ್ಮದ ಬಣ್ಣ ಹಾಗಿದೆ ಅಂದೆ ಅಷ್ಟೇ ಅಂತ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ನಾಲ್ಕನೇ ಸಲ, ನಾನು ಇದನ್ನು ಮಾಡಿಸಿಕೊಂಡರೆ, ಆಮೇಲೆ ನಾನು ಏನನ್ನಾದರೂ ಬಿಳಿ ಆನೆಯ ಹಾಗಿದೆ ಅಂದರೆ ನಿನಗೆ ಇಷ್ಟವಾಗುತ್ತದಾ ಅಂತ ಕೇಳುತ್ತಾಳೆ. ಕೊಟ್ಟಳು, ಕೇಳಿದಳು, ಹಿಂದೆ ತೆಗೆದುಕೊಂಡಳು, ಕೊನೆಗೆ ಅಂಗಲಾಚಿದಳು. ಒಂದು ಸಂಬಂಧದಲ್ಲಿ ಹೆಣ್ಣೊಬ್ಬಳು ಕುಗ್ಗಿದ್ದನ್ನು ಇಷ್ಟು ಸಣ್ಣ ಜಾಗದಲ್ಲಿ ತೋರಿಸಿರುವುದು ನನಗೆ ಇಂದಿಗೂ ಬೆರಗು.

ಬಿಳಿ ಆನೆ ಅಂದರೆ ಸಾಕಲಾಗದ, ಬಿಡಲೂ ಆಗದ ದುಬಾರಿ ಹೊರೆ ಅನ್ನುವ ಅರ್ಥ ಇಂಗ್ಲಿಷಿನಲ್ಲೂ ಇದೆ, ನಮ್ಮಲ್ಲೂ ಇದೆ. ಅವನ ಪಾಲಿಗೆ ಹೊಟ್ಟೆಯಲ್ಲಿರುವುದು ಅದೇ. ಆದರೆ ನಮ್ಮ ನಾಡಿನ ಓದುಗರಿಗೆ ಇನ್ನೊಂದು ಬಿಳಿ ಆನೆಯೂ ಗೊತ್ತು. ಬುದ್ಧ ಹುಟ್ಟುವ ಮೊದಲು ತಾಯಿ ಮಾಯಾದೇವಿಯ ಕನಸಿನಲ್ಲಿ ಬಂದು ಹೊಟ್ಟೆ ಹೊಕ್ಕದ್ದು ಬಿಳಿ ಆನೆಯೇ. ಲೇಖಕನ ಮನಸ್ಸಿನಲ್ಲಿ ಅದು ಇತ್ತು ಅಂತ ನಾನು ವಾದಿಸುವುದಿಲ್ಲ. ಒಂದೇ ರೂಪ ಅವನಿಗೆ ಹೊರೆಯಾಗಿ, ಅವಳಿಗೆ ಅಪರೂಪದ್ದಾಗಿ ಕಾಣಬಹುದು ಅನ್ನುವುದಕ್ಕೆ ಆ ನೆನಪು ಒಳ್ಳೆಯ ಬಲ ಕೊಡುತ್ತದೆ. ಅಷ್ಟು ಸಾಕು.

ಬಿದಿರಿನ ಮಣಿಪರದೆಗೆ ಬನ್ನಿ. ಅದರ ಮೇಲಿನ ಬರಹ ಸ್ಪ್ಯಾನಿಷ್. ಅವಳಿಗೆ ಓದಲು ಬರುವುದಿಲ್ಲ, ಅವನು ಓದಿ ಹೇಳಬೇಕು. ಬಾರಿನ ಹೆಂಗಸಿನ ಮಾತು ಅವಳಿಗೆ ಅರ್ಥವಾಗುವುದಿಲ್ಲ, ಅವನು ತಿಳಿಸಬೇಕು. ಪರದೇಶದಲ್ಲಿ, ಅಪರಾಧ ಅನ್ನಿಸಿಕೊಂಡ ಒಂದು ಆಪರೇಷನ್ನಿಗೆ ಹೊರಟಿರುವ ಹುಡುಗಿಗೆ ಲೋಕದ ಜೊತೆ ಇರುವ ಏಕೈಕ ಕೊಂಡಿ ಇವನು. ಮಣಿಸರ ಹಿಡಿದ ಆ ಕೈಯಲ್ಲಿ ಕೆಲವರು ಕ್ಯಾಥೊಲಿಕರ ಜಪಮಾಲೆಯನ್ನು ಕಾಣುತ್ತಾರೆ. ಇರಬಹುದು. ನಾನು ಮೊದಲು ಕಾಣುವುದು ಹಿಡಿದುಕೊಳ್ಳಲು ಬೇರೇನೂ ಸಿಗದ ಒಂದು ಕೈಯನ್ನು.

ಕಣಿವೆಯ ಎರಡು ಬದಿ ಎಲ್ಲರೂ ಗುರುತಿಸುವ ಸಂಕೇತ. ಒಂದು ಕಡೆ ನೆರಳಿಲ್ಲದ ಒಣ ನೆಲ. ಇನ್ನೊಂದು ಕಡೆ ಕಾಳಿನ ಹೊಲ, ಮರಗಳು, ನದಿ. ಬರಡು, ಫಲವತ್ತು ಅಂತ ಬರೆದು ಮುಂದೆ ಹೋಗಬೇಡಿ. ಆ ಹಸಿರನ್ನು ನೋಡಲು ಎದ್ದು ಹೋದವಳು ಅವಳೊಬ್ಬಳೇ. ಇದೆಲ್ಲ ನಮ್ಮದಾಗಬಹುದಿತ್ತು ಅಂತ ಅವಳು ಅಂದಾಗ ಅವನಿಗೆ ಅದು ಸರಿಯಾಗಿ ಕೇಳಿಸುವುದೂ ಇಲ್ಲ, ಏನಂದೆ ಅನ್ನುತ್ತಾನೆ. ಆಮೇಲೆ, ಬಾ, ನೆರಳಿಗೆ ಬಾ ಅಂತ ಕರೆಯುತ್ತಾನೆ. ಮೋಡದ ನೆರಳೊಂದು ಆ ಹೊಲದ ಮೇಲೆ ಹಾದುಹೋದದ್ದು ಅವಳ ಕಣ್ಣಿಗೆ ಮಾತ್ರ ಬಿದ್ದಿರುತ್ತದೆ.

ಅವನ ಪಾಲಿಗೆ ಬರುವ ವಸ್ತು ಚೀಲ. ದಯವಿಟ್ಟು ಮಾತು ನಿಲ್ಲಿಸು ಅಂತ ಅವಳು ಬೇಡಿಕೊಂಡಾಗ ಅವನು ಉತ್ತರ ಕೊಡದೆ ಗೋಡೆಗೆ ಒರಗಿಸಿಟ್ಟ ಚೀಲಗಳನ್ನು ನೋಡುತ್ತಾನೆ. ರಾತ್ರಿ ಕಳೆದ ಹೋಟೆಲುಗಳ ಲೇಬಲ್‌ಗಳೆಲ್ಲ ಅವುಗಳ ಮೇಲೆ ಅಂಟಿವೆ. ಅವಳು ನದಿ ನೋಡುತ್ತಾಳೆ, ಅವನು ಲೇಬಲ್ ನೋಡುತ್ತಾನೆ. ಅವನಿಗೆ ವಾಪಸ್ ಬೇಕಾಗಿರುವುದು ಆ ಹೋಟೆಲುಗಳ ದಿನಗಳು.

ಹೆಜ್ಜೆ 6: ಕೊನೆಯನ್ನು ಒಗಟು ಬಿಡಿಸುವ ಹಾಗೆ ಬಿಡಿಸಬೇಡಿ

ಅವಳು ಆಪರೇಷನ್ ಮಾಡಿಸಿಕೊಂಡಳೇ? ಓದುಗರು ಎರಡು ಗುಂಪಾಗುವುದು ಇಲ್ಲೇ. ಅವನು ಚೀಲಗಳನ್ನು ಸ್ಟೇಷನ್ನಿನ ಆ ಬದಿಯ ಹಳಿಗೆ ಒಯ್ದನಲ್ಲ, ಹಸಿರು ಇರುವುದೂ ಆ ಬದಿಗೇ, ಹಾಗಾಗಿ ಮನಸ್ಸು ಬದಲಾಗಿದೆ ಅನ್ನುವವರಿದ್ದಾರೆ. ಇಲ್ಲ, ಮ್ಯಾಡ್ರಿಡ್ ರೈಲು ಹಿಡಿಯಲು ಚೀಲ ಸಾಗಿಸಿದ ಅಷ್ಟೇ, ಅವಳು ಸೋತಳು ಅನ್ನುವವರೂ ಇದ್ದಾರೆ. ಕಥೆಯ ಸಾಲುಗಳು ಎರಡಕ್ಕೂ ಪೂರ್ತಿ ಸಾಕ್ಷಿ ಕೊಡುವುದಿಲ್ಲ. ಲೇಖಕ ಆ ವರ್ಷದ ಮೇ ತಿಂಗಳಲ್ಲಿ ಎರಡನೇ ಮದುವೆಯಾದದ್ದನ್ನು ಹಿಡಿದು ಉತ್ತರ ಹುಡುಕುವುದೂ ದಾರಿ ತಪ್ಪಿಸುತ್ತದೆ.

ಉತ್ತರ ಇರುವ ಪ್ರಶ್ನೆಯನ್ನು ಕೇಳಿ: ಶುರುವಿನಿಂದ ಕೊನೆಗೆ ಅವಳಲ್ಲಿ ಏನು ಬದಲಾಯಿತು? ಕೊನೆಯ ಸಾಲುಗಳಲ್ಲಿ ಅವಳು ಮೂರು ಸಲ ನಗುತ್ತಾಳೆ. ಮೊದಲು ಬಾರಿನ ಹೆಂಗಸಿಗೆ, ಆಮೇಲೆ ಎರಡು ಸಲ ಅವನಿಗೆ. ಅದಕ್ಕೂ ಮುಂಚೆ ಒಮ್ಮೆಯೂ ಅವಳು ನಕ್ಕದ್ದನ್ನು ಕಥೆ ಹೇಳಿಲ್ಲ. ಚೀಲ ಇಟ್ಟು ಬರುವಾಗ ಅವನು ಬಾರಿನಲ್ಲಿ ಒಬ್ಬನೇ ನಿಂತು ಒಂದು ಗ್ಲಾಸ್ ಕುಡಿಯುತ್ತಾನೆ. ಅಲ್ಲಿರುವ ಜನ ಎಷ್ಟು ಸಮಾಧಾನದಿಂದ, ವಿವೇಕದಿಂದ ರೈಲಿಗೆ ಕಾಯುತ್ತಿದ್ದಾರೆ ಅಂತ ಒಂದು ಸಾಲು ಬರುತ್ತದೆ. ಆ ‘ವಿವೇಕ’ ಅವನ ತಲೆಯೊಳಗಿಂದ ಬಂದದ್ದು. ಇವಳೊಬ್ಬಳು ವಿವೇಕವಿಲ್ಲದವಳು ಅನ್ನುವುದು ಅದರ ಒಳಮಾತು. ಹೊರಗೆ ಬಂದು, ಈಗ ಪರವಾಗಿಲ್ಲವಾ ಅಂತ ಅವನು ಕೇಳುತ್ತಾನೆ. ಅವಳು ಚೆನ್ನಾಗಿದ್ದೇನೆ ಅನ್ನುತ್ತಾಳೆ.

ಬೆಟ್ಟ ಹೇಗೆ ಕಂಡಿತು ಅಂತ ಹೇಳಿದ್ದ ಹುಡುಗಿ ಈಗ ತನಗೆ ಏನನ್ನಿಸುತ್ತಿದೆ ಅಂತ ಅವನಿಗೆ ಹೇಳುವುದನ್ನೇ ನಿಲ್ಲಿಸಿದ್ದಾಳೆ. ಅವನಿಗೆ ಬೇಕಾದ ಉತ್ತರ ಕೊಟ್ಟು ಮುಗಿಸಿದ್ದಾಳೆ. ಆಪರೇಷನ್ ಆಗಲಿ ಬಿಡಲಿ, ಅವರಿಬ್ಬರ ನಡುವೆ ಇದ್ದದ್ದು ಆ ಮೇಜಿನ ಹತ್ತಿರವೇ ಮುಗಿಯಿತು. ಇದು ನನ್ನ ತೀರ್ಮಾನ. ನಿಮ್ಮದು ಬೇರೆ ಇದ್ದರೆ ಕಥೆಯ ಯಾವ ಸಾಲು ಅದಕ್ಕೆ ಆಧಾರ ಅಂತ ಪಕ್ಕದಲ್ಲೇ ಬರೆದಿಡಿ.

ಹೆಜ್ಜೆ 7: ಇಬ್ಬರು ಕೂತು ಗಟ್ಟಿಯಾಗಿ ಓದಿ

ಕಥೆಯ ಬಹುಪಾಲು ಸಂಭಾಷಣೆಯೇ. ಯಾರು ಆಡಿದ ಮಾತು ಅಂತ ಲೇಖಕ ಎಷ್ಟೋ ಕಡೆ ಹೇಳುವುದಿಲ್ಲ. ಅದಕ್ಕೇ ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಓದಬೇಕು. ಒಬ್ಬರು ಅವನು, ಒಬ್ಬರು ಅವಳು. ಮಾತು ನಿಂತಿದೆ ಅಂತ ಗುರುತು ಹಾಕಿದ ಕಡೆ ನಿಜವಾಗಿಯೂ ನಿಲ್ಲಿಸಿ, ಇರುಸುಮುರುಸಾದರೂ ಆಗಲಿ.

ಅವಳು ಒಂದೇ ವಾಕ್ಯದಲ್ಲಿ ‘ದಯವಿಟ್ಟು’ ಅನ್ನುವ ಪದವನ್ನು ಏಳು ಸಲ ಹೇಳುವ ಜಾಗ ಬರುತ್ತದೆ. ಏಳನ್ನೂ ಓದಿ, ಒಂದನ್ನೂ ನುಂಗಬೇಡಿ. ಮೊದಲ ಎರಡು ವಿನಂತಿಯ ಹಾಗೆ ಬರುತ್ತವೆ. ನಾಲ್ಕನೆಯದರ ಹೊತ್ತಿಗೆ ದನಿ ಎಲ್ಲಿಗೆ ಹೋಗುತ್ತದೆ ಅಂತ ಓದುವವರಿಗೇ ತಿಳಿಯುತ್ತದೆ. ಅದಾದ ಮೇಲೂ ಅವನು ಮಾತು ಮುಂದುವರಿಸುತ್ತಾನೆ, ಅವಳು ಕಿರುಚಿಬಿಡುತ್ತೇನೆ ಅನ್ನುತ್ತಾಳೆ. ಓದಿ ಮುಗಿದ ಮೇಲೆ ಪಾತ್ರ ಅದಲುಬದಲು ಮಾಡಿಕೊಂಡು ಇನ್ನೊಮ್ಮೆ ಓದಿ. ಅವನ ಮಾತನ್ನು ನಿಮ್ಮ ಬಾಯಲ್ಲಿ ಆಡುವಾಗ ಎಷ್ಟು ಸಲೀಸಾಗಿ, ಎಷ್ಟು ನ್ಯಾಯವಾಗಿ ಕೇಳಿಸುತ್ತದೆ ಅಂತ ಗಮನಿಸಿ. ಅದನ್ನೂ ನೋಟ್‌ಬುಕ್ಕಿನ ಬಲಗಡೆ ಬರೆದುಕೊಳ್ಳಿ.